ನಂಜುಂಡನ ಮನೆಯ ಪೊಲೀಸ್ ಠಾಣೆ

ಸಿನಿಮಾ ಶುರುವಾಗುವಾಗ ತೆರೆಯ ಮೇಲೆ ಓಡುವ ಹೆಸರುಗಳ ನಡುವೆ 'ನಿರ್ಮಾಣ ನಿರ್ವಹಣೆ' ಎಂಬ ಒಂದು ಸಾಲು ಇರುತ್ತದೆ. ಆ ಸಾಲು ಬರುವ ಹೊತ್ತಿಗೆ ನೀವು ಕತ್ತಲಲ್ಲಿ ಸೀಟು ಹುಡುಕುತ್ತಿರುತ್ತೀರಿ. ಮೂವತ್ತನಾಲ್ಕು ವರ್ಷ ನಾನು ಆ ಒಂದು ಸಾಲಿನೊಳಗೆ ಬದುಕಿದೆ. ಪ್ರೊಡಕ್ಷನ್ ಮ್ಯಾನೇಜರ್ ಅಂದರೆ ನಿಜವಾಗಿ ಏನು ಕೆಲಸ ಎಂದು ನನ್ನ ಭಾವಮೈದುನ ಈಗಲೂ ಕೇಳುತ್ತಾನೆ. ಈಚೆಗೆ ತುಮಕೂರಿನ ನಮ್ಮ ಬೀದಿಯಿಂದಲೇ ಮೂವರು ಈ ಕೆಲಸಕ್ಕೆ ಸೇರಿದ್ದಾರೆ. ಮೂವರೂ ಮನೆಗೆ ಬಂದು, "ಸರ್, ಟಿಪ್ಸ್ ಕೊಡಿ" ಎಂದರು. ನನ್ನ ಹತ್ತಿರ ಟಿಪ್ಸ್ ಇಲ್ಲ, ತಪ್ಪುಗಳಿವೆ. ಅವನ್ನೇ ಬರೆದುಕೊಡುತ್ತೇನೆ ಎಂದೆ.

ನಿರ್ದೇಶಕ ಕನಸು ಕಾಣುತ್ತಾನೆ. ಆ ಕನಸಿಗೆ ಒಂದು ಎಮ್ಮೆ, ಎರಡು ಜನರೇಟರ್, ಎಂಬತ್ತು ಜನಕ್ಕೆ ಉಪ್ಪಿಟ್ಟು, ಪಂಚಾಯಿತಿಯ ಅನುಮತಿ ಮತ್ತು ಮಳೆ ಬರದ ಒಂದು ದಿನ ಬೇಕಾಗುತ್ತದೆ. ಇವಿಷ್ಟನ್ನೂ ತಂದು ನಿಲ್ಲಿಸುವವನು ಮ್ಯಾನೇಜರ್. ಎಲ್ಲ ಸರಿಯಾಗಿದ್ದರೆ ಅವನ ಹೆಸರು ಯಾರಿಗೂ ನೆನಪಾಗುವುದಿಲ್ಲ. ಎಮ್ಮೆ ತಪ್ಪಿಸಿಕೊಂಡರೆ ಇಡೀ ಯೂನಿಟ್ಟು "ಮಾದೇವಣ್ಣ ಎಲ್ಲಿ?" ಎಂದು ಕೂಗುತ್ತದೆ. ನಾನು ಯಾವಾಗ ಅಸಿಸ್ಟೆಂಟ್‌ನಿಂದ ಚೀಫ್ ಆದೆ ಎಂಬುದನ್ನು ಬರೆಯುವುದಿಲ್ಲ. ಚೀಫ್ ಆದ ದಿನವೂ ಉಪ್ಪಿಟ್ಟು ಕಮ್ಮಿ ಬಿದ್ದು ಬೈಸಿಕೊಂಡಿದ್ದೆ.

ನನಗೆ ಕೆಲಸ ಕಲಿಸಿದವರು ಶೇಷಪ್ಪನವರು. ಬಿಳಿ ಪ್ಯಾಂಟು, ಬಿಳಿ ಶರ್ಟು, ಜೇಬಿನಲ್ಲಿ ಮೂರು ಪೆನ್ನು. ಮೂರರಲ್ಲಿ ಒಂದೂ ಬರೆಯುತ್ತಿರಲಿಲ್ಲ. ಬೈಯುವುದರಲ್ಲಿ ಅವರಿಗೆ ಭೇದಭಾವವಿಲ್ಲ, ಹೀರೋನನ್ನೂ ಬೈದವರು. ಅವರು ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಹೇಳಿದ್ದು ಇಷ್ಟು: "ಲೊಕೇಷನ್ ಅಂದ್ರೆ ಬೇರೆಯವರ ಮನೆ ಕಣಯ್ಯ. ನಾವು ಹೋದಾಗ ಹೆಂಗಿತ್ತೋ ಬರುವಾಗ ಹಂಗೇ ಇರಬೇಕು. ಮೊಳೆ ಹೊಡೆದ್ರೆ ಮೊಳೆ ಕೀಳು, ತೂತು ಮುಚ್ಚು. ಇಲ್ದಿದ್ರೆ ಆ ಊರಿಗೆ ನಿನ್ನ ಮಗನೂ ಹೋಗಕ್ಕಾಗಲ್ಲ." ನಾನು ತಲೆಯಾಡಿಸಿದೆ. ತಲೆಯಾಡಿಸುವುದನ್ನು ಈ ಕೆಲಸದಲ್ಲಿ ಎಲ್ಲರೂ ಬೇಗ ಕಲಿಯುತ್ತಾರೆ.

ನನ್ನ ಮೊದಲ ದೊಡ್ಡ ಎಡವಟ್ಟು ಗುಬ್ಬಿಯಲ್ಲಾಯಿತು. ಮದುವೆ ಊಟದ ಸೀನು. ನನ್ನ ಹುಟ್ಟೂರು ನಿಟ್ಟೂರಿನಿಂದಲೇ ನೂರು ಜನರನ್ನು ಬೀಗರ ಪಾತ್ರಕ್ಕೆ ಕರೆತಂದಿದ್ದೆ. ನಿಜವಾದ ಅಡಿಗೆ ಭಟ್ಟರು, ನಿಜವಾದ ಬಾಳೆ ಎಲೆ, ನಿಜವಾದ ಲಾಡು. ನಮ್ಮ ಊರಿನವರ ಮುಂದೆ ಎಲೆ ಹಾಕಿ ಅನ್ನ ಬಡಿಸಿ "ಆಕ್ಷನ್ ಅನ್ನೋವರೆಗೂ ಮುಟ್ಟಬೇಡಿ" ಎಂದರೆ ಅದು ಅವಮಾನ ಎಂದು ನನಗೇ ಗೊತ್ತಿರಬೇಕಿತ್ತು. ಲೈಟು ಹೊಂದಿಸುವಷ್ಟರಲ್ಲಿ ಮೊದಲ ಪಂಕ್ತಿ ಮಜ್ಜಿಗೆಗೆ ಬಂದಿತ್ತು. ಎಲೆ ಬದಲಿಸಿದೆವು. ಕ್ಯಾಮೆರಾ ಕೆಟ್ಟಿತು, ಅವರು ಮತ್ತೆ ಉಂಡರು. ಮೂರನೆಯ ಸಲ ಎಲ್ಲ ಸರಿಯಾಗಿ ನಿರ್ದೇಶಕರು "ಆಕ್ಷನ್" ಎಂದಾಗ ಒಬ್ಬನೂ ಕೈ ಎತ್ತಲಿಲ್ಲ. ಮುಂದಿನ ಸಾಲಿನ ಮುದುಕರೊಬ್ಬರು ಕ್ಯಾಮೆರಾದ ಕಡೆಗೇ ಕೈ ಮುಗಿದು, "ಇನ್ನೊಂದ್ ಲಾಡು ನುಂಗಿದ್ರೆ ಸತ್ತೇ ಹೋಯ್ತೀನಿ ಬುಡಪ್ಪ" ಎಂದರು. ಶೇಷಪ್ಪನವರು ಆ ದಿನ ನನ್ನನ್ನು ಬೈದ ಬೈಗುಳದಲ್ಲಿ ಅರ್ಧ ನನಗೆ ಹೊಸದು.

ನಾನು ಸೇರಿದಾಗ ಲೊಕೇಷನ್ ನೋಡುವುದೆಂದರೆ ಬಸ್ಸು ಹತ್ತುವುದು. ಇಳಿದ ಕಡೆ ಹೋಟೆಲಿಗೆ ಹೋಗಿ, ಕಾಫಿ ಕುಡಿಯುತ್ತ ಊರಿನವರ ಹತ್ತಿರ ಮಾತಿಗೆ ಕೂರುವುದು. ಮಧ್ಯಾಹ್ನದೊಳಗೆ ಮನೆಯೂ ಸಿಗುತ್ತಿತ್ತು, ಆ ಮನೆಯ ಅಣ್ಣತಮ್ಮಂದಿರ ಜಗಳದ ಪೂರ್ತಿ ಚರಿತ್ರೆಯೂ ಸಿಗುತ್ತಿತ್ತು. ಈಗ ಡ್ರೋನು ಹಾರಿಸುತ್ತಾರೆ. ಅದಕ್ಕೆ ಮನೆಯ ಮಾಡು ಕಾಣುತ್ತದೆ, ಜಗಳ ಕಾಣುವುದಿಲ್ಲ. ನನ್ನ ಕೊನೆಯ ಸಿನಿಮಾಕ್ಕೆ ಹನ್ನೊಂದು ವಾಟ್ಸಾಪ್ ಗ್ರೂಪುಗಳಿದ್ದವು. ನಾನು "ನಾಳೆ ಎತ್ತಿನಗಾಡಿ ಯಾರು ತರ್ತೀರಿ?" ಎಂದು ಹಾಕಿದರೆ ಇಪ್ಪತ್ತೆರಡು ಹೆಬ್ಬೆರಳು ಬರುತ್ತಿದ್ದವು. ಗಾಡಿ ಬರುತ್ತಿರಲಿಲ್ಲ.

ಈಗ ನಿಜವಾಗಿ ಹೇಳಬೇಕಾದ್ದಕ್ಕೆ ಬರುತ್ತೇನೆ. ಇಷ್ಟು ಹೊತ್ತು ಲಾಡು, ಎಮ್ಮೆ ಎಂದು ಸುತ್ತಿದ್ದು ಅದನ್ನು ಮುಂದೂಡಲಿಕ್ಕೇ.

ಗುಬ್ಬಿಯ ಹೈಸ್ಕೂಲಿನಲ್ಲಿ ನಾನೂ ನಂಜುಂಡನೂ ಒಂದೇ ಬೆಂಚು, ಒಂದೇ ಹಾಸ್ಟೆಲ್ಲು. ಮುಂದೆ ಅವನು ಪಿ.ಟಿ. ಮೇಷ್ಟ್ರಾದ, ಹೆಂಡತಿಯ ಊರಾದ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದಲ್ಲಿ ಮನೆ ಮಾಡಿದ. ಬೆಟ್ಟದ ಕೋಟೆ ಹಿಂದೆ ಕಾಣುವ, ಉದ್ದ ಜಗಲಿಯ ಮನೆ. ಕೆಲಸದಲ್ಲಿದ್ದಷ್ಟು ಕಾಲವೂ ನಿವೃತ್ತನಾದ ಮೇಲೂ ಅವನ ಕೊರಳಲ್ಲಿ ವಿಷಲ್ ತೂಗುತ್ತಲೇ ಇತ್ತು. ನನ್ನ ನಿವೃತ್ತಿಗೆ ಹನ್ನೆರಡು ವರ್ಷ ಮುಂಚೆ ಒಂದು ಸಿನಿಮಾಕ್ಕೆ ಹಳ್ಳಿಯ ಪೊಲೀಸ್ ಠಾಣೆ ಬೇಕಾಯಿತು. ನಾನು ನಂಜುಂಡನ ಮನೆ ಕೇಳಿದೆ. "ಕೇಳೋದೇನ್ಲಾ, ಬಾ" ಎಂದ. ನಮ್ಮ ಕಲಾ ವಿಭಾಗದವರು ಮನೆಯ ಮುಂದಿನ ಗೋಡೆಯ ಮೇಲೆ ಮೊಳದುದ್ದದ ಕೆಂಪು ಅಕ್ಷರಗಳಲ್ಲಿ 'ಪೊಲೀಸ್ ಠಾಣೆ' ಎಂದು ಬರೆದರು. ಮೂರು ದಿನ ಶೂಟಿಂಗ್ ಆಯಿತು. ಮೂರನೆಯ ದಿನ ಸಂಜೆ ಹೀರೋ ಮೈಸೂರಿಗೆ ಹೊರಟರು, ಅವರ ಹಿಂದೆ ಇಡೀ ಯೂನಿಟ್ಟು ಹೊರಟಿತು. ಪೇಂಟರ್ ಮೊದಲ ವ್ಯಾನಿನಲ್ಲೇ ಹೋಗಿಬಿಟ್ಟಿದ್ದ. ನಾನು ನಂಜುಂಡನಿಗೆ, "ಒಂದು ವಾರದಲ್ಲಿ ನಾನೇ ಬಂದು ಅಳಿಸ್ತೀನಿ" ಎಂದೆ.

ವಾರ ತಿಂಗಳಾಯಿತು. ಯಾರೋ ಕಳೆದುಹೋದ ಮೇಕೆಯ ಬಗ್ಗೆ ದೂರು ಹಿಡಿದು ಅವನ ಜಗಲಿಗೆ ಬಂದರಂತೆ. ಇನ್ಯಾರೋ ಬದುವಿನ ಜಗಳ ತಂದು, ಮೇಷ್ಟ್ರು ತೀರ್ಪು ಕೊಡುವವರೆಗೂ ಏಳಲಿಲ್ಲವಂತೆ. ಅವನು ಫೋನು ಮಾಡಿ ಇದನ್ನೆಲ್ಲ ನಗುತ್ತಲೇ ಹೇಳಿದ. ಎರಡನೆಯ ಸಲ ನಗಲಿಲ್ಲ. ಮೂರನೆಯ ಸಲ ಅವನು ಫೋನು ಮಾಡಿದಾಗ ನಾನು ಯಾವುದೋ ಸೆಟ್ಟಿನಲ್ಲಿ ಜನರೇಟರ್ ಕೆಟ್ಟು ಬೈಸಿಕೊಳ್ಳುತ್ತಿದ್ದೆ. "ಒಳ್ಳೆ ಕತೆ ಕಣೋ ನಿಂದು. ಒಂದು ಡಬ್ಬ ಬಣ್ಣ ತಂದು ನೀನೇ ಬಳ್ಕೋಬಾರ್ದಾ? ಒಂದು ಗೋಡೆಗೆ ಎಷ್ಟು ಸಲ ಫೋನ್ ಮಾಡ್ತೀಯ?" ಎಂದುಬಿಟ್ಟೆ. ಅವನು, "ಗೋಡೆ ವಿಷ್ಯ ಅಲ್ಲ ಕಣೋ ಮಾದೇವ" ಎಂದು ಫೋನಿಟ್ಟ.

ಅಷ್ಟೇ. ಹನ್ನೆರಡು ವರ್ಷ ಮಾತಿಲ್ಲ. ಹೋಗಬೇಕೆಂದು ಎಷ್ಟೋ ಸಲ ಅನ್ನಿಸಿತು. ಆದರೆ ಎರಡು ವರ್ಷ ತಡವಾದ ಮೇಲೆ ಒಂದು ಡಬ್ಬ ಬಣ್ಣ ಹಿಡಿದು ಯಾವ ಮುಖದಲ್ಲಿ ಹೋಗುವುದು? ಐದು ವರ್ಷವಾದ ಮೇಲೆ ಅದು ಇನ್ನೂ ಕಷ್ಟ. ಕುಣಿಗಲ್ ಕಡೆ ಶೂಟಿಂಗ್ ಬಿದ್ದರೆ ಅಸಿಸ್ಟೆಂಟ್‌ನನ್ನು ಕಳಿಸುತ್ತಿದ್ದೆ. ಶೇಷಪ್ಪನವರು ಹೇಳಿದ್ದು ನನ್ನ ಮಗನ ವಿಷಯ. ಆ ಊರಿಗೆ ಹೋಗಲಾಗದವನು ನಾನೇ ಆದೆ.

ನಿವೃತ್ತಿಗೆ ಮುಂಚಿನ ಕೊನೆಯ ಸಿನಿಮಾ ಒಪ್ಪಿಕೊಂಡೆ. ನಿರ್ದೇಶಕ ನಿಶಾಂತ್, ಮೂವತ್ತರ ಹುಡುಗ, ಮೊದಲ ಚಿತ್ರ. ಕತೆ ಇಷ್ಟು: ನಾಲ್ವರು ಹಳೇ ಗೆಳೆಯರು, ಮುರಿದುಹೋದ ಗೆಳೆತನ, ಅವರಲ್ಲೊಬ್ಬನ ಮದುವೆ. ಮದುವೆಗೆ ನಾಲ್ಕು ದಿನ ಮುಂಚೆ ಎಲ್ಲರೂ ಸೇರುತ್ತಾರೆ. ಮೊದಲರ್ಧ ನಗು, ಆಮೇಲೆ ಜಗಳ, ಕೊನೆಗೆ ಅಪ್ಪುಗೆ. "ನನ್ನ ಕಾಲೇಜ್ ಗ್ಯಾಂಗೇ ಇನ್ಸ್ಪಿರೇಷನ್ ಸರ್" ಎಂದ. ಅವರನ್ನು ಕೊನೆಯ ಸಲ ಯಾವಾಗ ನೋಡಿದೆಯಪ್ಪ ಎಂದು ಕೇಳಿದೆ. "ಗ್ರೂಪ್ ಇದೆ ಸರ್. ಎಲ್ಲರೂ ಮ್ಯೂಟ್ ಮಾಡ್ಕೊಂಡಿದೀವಿ" ಎಂದ.

ಗೆಳೆಯರ ಪಾತ್ರದ ನಾಲ್ವರು ನಟರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನಾಲ್ವರಿಗೂ ಬೇರೆ ಬೇರೆ ಕ್ಯಾರವಾನು. ಬಾಗಿಲುಗಳು ಎದುರುಬದುರಾಗದಂತೆ ನಿಲ್ಲಿಸುವ ಜವಾಬ್ದಾರಿ ನನ್ನದು.

ಒಂದು ದಿನ ನಿಶಾಂತ್ ಕುಣಿದಾಡುತ್ತ ಬಂದ. "ಸರ್, ಮದುವೆ ಮನೆ ಸಿಕ್ತು! ಹಿಂದೆ ಬೆಟ್ಟ, ಮುಂದೆ ಜಗಲಿ. ಗೋಡೆ ನೋಡಿ ಸರ್, ಎಂಥಾ ಟೆಕ್ಸ್ಚರ್!" ಎಂದು ಫೋನು ನನ್ನ ಮುಖಕ್ಕೆ ಹಿಡಿದ. ಹಳೆಯದಾಗಿ ಮಾಸಿದ ಕೆಂಪು ಅಕ್ಷರಗಳು: ಪೊಲೀಸ್ ಠಾಣೆ. ಅವುಗಳ ಸುತ್ತ ಗೋಡೆ ಮಾತ್ರ ಬೆಳ್ಳಗೆ ಹೊಸದಾಗಿತ್ತು. "ಬೇರೆ ಮನೆ ನೋಡೋಣ" ಎಂದೆ. ಅವನು ಕೇಳಲಿಲ್ಲ. ಆ ಗೆಳೆಯರು ಚಿಕ್ಕಂದಿನಲ್ಲಿ ಆ ಠಾಣೆಯಲ್ಲೇ ಒಂದು ದಿನ ಕೂತಿದ್ದರು ಎಂದು ಅಲ್ಲೇ ನಿಂತು ಕತೆಯನ್ನೇ ತಿದ್ದಿಬಿಟ್ಟ.

ಮಾರನೆಯ ದಿನ ಅವನ ಜೊತೆ ಹೋಗಲೇಬೇಕಾಯಿತು. ನಂಜುಂಡ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದ, ಕೈ ನಿಲ್ಲಿಸಲಿಲ್ಲ. ಒಳಗೆ ತಿರುಗಿ ಮಗಳನ್ನು ಕೂಗಿದ: "ಸವಿತಾ, ಯಾರೋ ಕಂಪ್ಲೇಂಟ್ ಕೊಡಕ್ಕೆ ಬಂದವ್ರೆ ನೋಡಮ್ಮ."

ನಿಶಾಂತ್‌ಗೆ ಇದೊಂದೂ ತಿಳಿಯಲಿಲ್ಲ. ಗೋಡೆಯನ್ನು ಸವರುತ್ತ, "ಅಂಕಲ್, ಎಷ್ಟು ಆರ್ಗ್ಯಾನಿಕ್ ಆಗಿದೆ! ಬ್ರಿಟಿಷರ ಕಾಲದ್ದಾ?" ಎಂದ.

"ಇಲ್ಲಪ್ಪ" ಎಂದ ನಂಜುಂಡ ನನ್ನ ಕಡೆ ಬೆರಳು ತೋರಿಸಿ. "ಇವನ ಕಾಲದ್ದು."

ಶೂಟಿಂಗಿಗೆ ಒಪ್ಪಿದ. ಆದರೆ ಷರತ್ತು ಹಾಕಿದ. "ನನ್ ಮಗಳ ಮದುವೆ ಇದೆ. ಬರೋ ಶುಕ್ರವಾರ ಚಪ್ಪರ. ಅವತ್ತು ಸಂಜೆ ಗಂಡಿನ ಕಡೆಯವರು ಹೆಣ್ಣು ಕರ್ಕೊಂಡ್ ಹೋಗಕ್ಕೆ ಬರ್ತಾರೆ. ಗುರುವಾರ ಸಂಜೆ ಒಳಗೆ ಆ ಗೋಡೆ ಬಳೀಬೇಕು. ಇವನೇ ಬಳೀಬೇಕು. ಬೇರೆ ಯಾರೂ ಮುಟ್ಟಂಗಿಲ್ಲ." ನಿಶಾಂತ್ "ಡನ್ ಅಂಕಲ್" ಎಂದು ಕೈ ಕುಲುಕಿದ.

ಹೊರಡುವಾಗ ಸವಿತಾ ಕಾಫಿ ಲೋಟ ತೆಗೆದುಕೊಳ್ಳುವ ನೆಪದಲ್ಲಿ ನನ್ನ ಹತ್ತಿರ ಬಂದಳು. ನಾನು ಕೊನೆಯ ಸಲ ನೋಡಿದಾಗ ಎಂಟನೇ ಕ್ಲಾಸು. ಈಗ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸ, ಹುಡುಗನೂ ಅಲ್ಲಿಯವನೇ, ಗುಬ್ಬಿ ಕಡೆಯವನು.

"ಮಾಮ, ಅಪ್ಪ ಪ್ರತಿ ಯುಗಾದಿಗೂ ಮನೆಗೆಲ್ಲಾ ಬಣ್ಣ ಹೊಡೀತಾರೆ. ಆ ಅಕ್ಷರ ಮಾತ್ರ ಬಿಟ್ಟು ಸುತ್ತ ಹೊಡೀತಾರೆ. ಬರೆಸಿದೋನು ಬರ್ತೀನಿ ಅಂದವ್ನೆ, ಬರ್ಲಿ ಅಂತಾರೆ. ನಾನು ಒಂದ್ಸಲ ಕದ್ದು ಬಳಿಯಕ್ಕೆ ಹೋಗಿದ್ದೆ, ವಿಷಲ್ ಊದ್ಬಿಟ್ರು." ಅವಳು ನಕ್ಕಳು, ಆಮೇಲೆ ದನಿ ತಗ್ಗಿಸಿದಳು. "ಈ ಸಲ ಕೈ ಕೊಡಬೇಡಿ ಮಾಮ. ಫೋಟೋದಲ್ಲಿ ನಾನು ಪೊಲೀಸ್ ಸ್ಟೇಷನ್‌ನಿಂದ ಬಿಡುಗಡೆ ಆಗಿ ಗಂಡನ ಮನೆಗೆ ಹೋದಂಗಿರುತ್ತೆ."

ನಾನು ನಗಬೇಕಿತ್ತು. ಹನ್ನೆರಡು ಯುಗಾದಿ ಅವನು ಕುಂಚ ಹಿಡಿದು ಆ ಅಕ್ಷರಗಳ ಅಂಚು ಉಳಿಸಿ ಬಣ್ಣ ಬಳಿದದ್ದು ದಾರಿಯುದ್ದಕ್ಕೂ ಕಣ್ಣಿಗೆ ಕಟ್ಟುತ್ತಿತ್ತು.

ಶೂಟಿಂಗು ಸೋಮವಾರ ಶುರುವಾಯಿತು. ಬುಧವಾರ ಕೊನೆಯ ಸೀನು: ನಾಲ್ವರು ಗೆಳೆಯರು ಆ ಗೋಡೆಯ ಮುಂದೆ ನಿಂತು, ಇಪ್ಪತ್ತು ವರ್ಷದ ಕಹಿ ಮರೆತು ಅಪ್ಪಿಕೊಳ್ಳಬೇಕು. ಮೊದಲನೆಯವನು ಎರಡನೆಯವನಿಗಿಂತ ಮುಂಚೆ ಅಳುವುದಿಲ್ಲ ಎಂದ. ಮೂರನೆಯವನಿಗೆ ಗ್ಲಿಸರಿನ್ ಅಲರ್ಜಿ. ನಾಲ್ಕನೆಯವನು, ಅಪ್ಪಿಕೊಂಡಾಗ ತನ್ನ ಮುಖ ಕ್ಯಾಮೆರಾಗೆ ಕಾಣದಿದ್ದರೆ ಅಪ್ಪುವುದೇ ಇಲ್ಲ ಎಂದು ಕ್ಯಾರವಾನು ಹತ್ತಿದ. ನಂಜುಂಡ ಜಗಲಿಯ ತುದಿಯಲ್ಲಿ ಕೂತು ನೋಡುತ್ತಿದ್ದ. ಹದಿನಾಲ್ಕನೆಯ ಟೇಕಿಗೆ, "ನಮ್ ಸ್ಕೂಲ್ ಆಗಿದ್ರೆ ನಾಲ್ಕು ಜನನ್ನೂ ಮೈದಾನ ಸುತ್ತಿಸ್ತಿದ್ದೆ" ಎಂದು ಗಾಳಿಗೆ ಹೇಳಿದ. ಅದು ನನ್ನ ಕಿವಿಗೆ ಬೀಳಲಿ ಎಂದು ಹೇಳಿದ್ದು. ಆ ಮೂರು ದಿನದಲ್ಲಿ ಅವನು ನನ್ನ ಹತ್ತಿರ ಆಡಿದ ಮಾತು ಅಷ್ಟೇ.

ಗುರುವಾರ ಸಂಜೆಯೂ ಅಪ್ಪುಗೆ ಮುಗಿಯಲಿಲ್ಲ. ನಾನು ಬಣ್ಣದ ಡಬ್ಬ ತಂದಿಟ್ಟಿದ್ದೆ. ನಿಶಾಂತ್ ಅಡ್ಡ ನಿಂತ. "ಗೋಡೆ ಮುಟ್ಟಬೇಡಿ ಸರ್! ಅರ್ಧ ಸೀನ್ ಆಗಿದೆ. ಒಂದು ಶಾಟ್‌ನಲ್ಲಿ ಅಕ್ಷರ ಇದ್ದು ಇನ್ನೊಂದರಲ್ಲಿ ಇಲ್ದಿದ್ರೆ ಕಂಟಿನ್ಯುಟಿ ಹೋಗುತ್ತೆ. ನಾಳೆ ಒಂದು ದಿನ. ಅವರು ಚಪ್ಪರ ಹಾಕ್ಲಿ, ನಮಗೂ ಬ್ಯಾಕ್‌ಗ್ರೌಂಡಿಗೆ ಆಗುತ್ತೆ. ಮದುವೆ ಎಲ್ಲಾ ಮುಗಿದ್ಮೇಲೆ ಬಂದು ಬಳೀರಿ."

ಅದನ್ನು ನಂಜುಂಡನಿಗೆ ಹೇಳುವುದೂ ಮ್ಯಾನೇಜರನ ಕೆಲಸವೇ. ಹೇಳಿದೆ. ಅವನು ಸಿಟ್ಟು ಮಾಡಲಿಲ್ಲ. "ಒಂದ್ ವಾರದಲ್ಲಿ ಬಂದು ಅಳಿಸ್ತೀನಿ ಅಂತೀಯಾ?" ಎಂದ, ಎದ್ದು ಒಳಗೆ ಹೋದ. ಬಾಗಿಲ ಹಿಂದೆ ಸವಿತಾ ನಿಂತಿದ್ದಳು.

ಮೂವತ್ತನಾಲ್ಕು ವರ್ಷದಲ್ಲಿ ನಾನು ಶಾಟ್ ಹಾಳು ಮಾಡಿದ್ದುಂಟು, ಆದರೆ ಬೇಕೆಂದು ಹಾಳು ಮಾಡಿದ್ದಿಲ್ಲ. ಶುಕ್ರವಾರ ಬೆಳಗಾಗುತ್ತಿದ್ದಂತೆ, ಯೂನಿಟ್ಟಿನವರು ಹಲ್ಲುಜ್ಜುವ ಮುಂಚೆ, ಏಣಿ ಹಾಕಿ ಹತ್ತಿದೆ. ಅರವತ್ತು ದಾಟಿದವನು ಏಣಿ ಹತ್ತುವುದು ಚೆಂದದ ದೃಶ್ಯವೇನಲ್ಲ. ಮೊದಲನೆಯ ಅಕ್ಷರ ಎರಡು ಸಲ ಬಳಿದರೂ ಕೆಂಪು ಇಣುಕುತ್ತಿತ್ತು. ಮೂರನೆಯ ಸಲ ಬಳಿಯುವಾಗ ಕೆಳಗೆ ಕುರ್ಚಿ ಎಳೆದ ಸದ್ದಾಯಿತು. ನಂಜುಂಡ ಕಾಫಿ ಹಿಡಿದು ಕೂತಿದ್ದ.

"ಮೂಲೆ ಬಿಟ್ಟೆ" ಎಂದ.

ಮೂಲೆ ಬಳಿದೆ. ಗೋಡೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದೆ: "ಗೋಡೆ ವಿಷ್ಯ ಅಲ್ಲ ಅಂದಿದ್ದೆ ನೀನು. ನಂಗೆ ಅವತ್ತೇ ಅರ್ಥ ಆಗಿತ್ತು ಕಣೋ. ತಪ್ಪು ನಂದೇ. ಬರೋಕೆ ಮುಖ ಇರಲಿಲ್ಲ."

"ಮುಖ ಯಾರ್ ಕೇಳಿದ್ರು?" ಎಂದ ನಂಜುಂಡ. "ಬ್ರಷ್ ತಗೊಂಡು ಬಂದಿದ್ರೆ ಆಗಿತ್ತು."

ಇದು ಸಿನಿಮಾ ಆಗಿದ್ದರೆ ನಾನು ಏಣಿ ಇಳಿದು ಅವನನ್ನು ಅಪ್ಪಿಕೊಳ್ಳಬೇಕಿತ್ತು. ನನ್ನ ಎರಡೂ ಕೈ ಬಣ್ಣ, ಕಣ್ಣು ಬೇರೆ ಒದ್ದೆ. ಮುಂದಿನ ಅಕ್ಷರಕ್ಕೆ ಹೋದೆ. ಒಂದೊಂದಾಗಿ ಹೋದವು. ಕೊನೆಯ 'ಣೆ' ಮಾತ್ರ ಉಳಿದಿತ್ತು. ಬ್ರಷ್ಷು ಅದಕ್ಕೆ ತಾಗಿಸುವಷ್ಟರಲ್ಲಿ ಕೆಳಗಿನಿಂದ ವಿಷಲ್ ಕೂಗಿತು. ಏಣಿಯಿಂದ ಬೀಳದೆ ಉಳಿದದ್ದು ನನ್ನ ಪುಣ್ಯ.

"ಸಾಕು, ಇಳಿ."

"ಒಂದೇ ಅಕ್ಷರ ಇರೋದು ಕಣೋ!"

"ಅದಕ್ಕೇ ಹೇಳಿದ್ದು. ಎಲ್ಲಾ ಮುಗಿಸ್ಬಿಟ್ರೆ ನೀನು ಇನ್ನೊಂದ್ ಹನ್ನೆರಡು ವರ್ಷ ಗಾಯಬ್. ಅದು ಇರ್ಲಿ. ಯುಗಾದಿಗೆ ಬಂದು ಹೊಡಿ."

ಒಳಗಿನಿಂದ ಓಡಿಬಂದ ಸವಿತಾ, "ಅಪ್ಪಾ!" ಎಂದು ತಲೆ ಚಚ್ಚಿಕೊಂಡಳು. ಆದರೂ ನಗುತ್ತಿದ್ದಳು. "ಬುಡಮ್ಮ, ಅಲ್ಲಿಗೆ ಚಪ್ಪರದ ಗರಿ ಬರುತ್ತೆ" ಎಂದ ಅವಳಪ್ಪ.

ಆಗ ನಿಶಾಂತ್ ಬಂದ. ಗೋಡೆ ನೋಡಿದ. ತಲೆ ಮೇಲೆ ಎರಡೂ ಕೈ ಹೊತ್ತು, "ಕಂಟಿನ್ಯುಟಿ!" ಎಂದು ಬೆಟ್ಟದ ಕೋಟೆಗೆ ಕೇಳುವಂತೆ ಕೂಗಿದ. ಗೆಳೆತನದ ಬಗ್ಗೆ ನಲವತ್ತು ಪುಟ ಸಂಭಾಷಣೆ ಬರೆದ ಹುಡುಗ, ಎರಡು ಮಾತಿನಲ್ಲಿ ನನ್ನನ್ನು ಕೆಲಸದಿಂದ ತೆಗೆದ. ನಿವೃತ್ತಿಗೆ ಒಂದು ವಾರ ಉಳಿದಿತ್ತು. ಹಾರ ತುರಾಯಿ, ಭಾಷಣ ಎಲ್ಲ ತಪ್ಪಿತಲ್ಲ ಎಂದು ನನಗೆ ಖುಷಿಯೇ ಆಯಿತು. ಚಪ್ಪರದವರು ಗರಿ ಇಳಿಸುತ್ತಿರುವಾಗಲೇ ಯೂನಿಟ್ಟಿನವರು ಆತುರಾತುರವಾಗಿ ಉಳಿದ ಅಪ್ಪುಗೆಯನ್ನು ತೆಗೆದರು. ಬಿಡಿಸಿಕೊಂಡು ಹೋದರೆ ಸಾಕೆಂದು ನಾಲ್ವರೂ ಒಂದೇ ಟೇಕಿನಲ್ಲಿ ಅತ್ತರು.

ನಾನು ಅಲ್ಲೇ ಉಳಿದು ಚಪ್ಪರಕ್ಕೆ ಮಾವಿನ ಸೊಪ್ಪು ಕಟ್ಟಿದೆ. ಸಂಜೆ ಗಂಡಿನ ಕಡೆಯವರು ಬಂದರು. ಸವಿತಾ ಹೊರಡುವಾಗ ಫೋಟೋದವನು ಬಾಗಿಲ ಮುಂದೆ ಎಲ್ಲರನ್ನೂ ನಿಲ್ಲಿಸಿದ. ಹಿಂದೆ ಬೆಳ್ಳಗಿನ ಗೋಡೆ, ಮೇಲೆ ಹಸಿರು ಗರಿ. ನಂಜುಂಡ ನನ್ನ ತೋಳು ಹಿಡಿದು ಎಳೆದು ಪಕ್ಕಕ್ಕೆ ನಿಲ್ಲಿಸಿಕೊಂಡ. ನನ್ನ ಅಂಗಿಯ ತುಂಬ ಬಣ್ಣವಿತ್ತು.

ಸಿನಿಮಾ ಬಂತು. ತುಮಕೂರಿನ ಥಿಯೇಟರಿನಲ್ಲಿ ಮಧ್ಯಾಹ್ನದ ಆಟಕ್ಕೆ ನಾನೂ ನಂಜುಂಡನೂ ಹೋದೆವು, ಪ್ರೇಕ್ಷಕರು ಒಟ್ಟು ಹದಿನೇಳು ಜನ. ಕೊನೆಯ ಸೀನಿನಲ್ಲಿ ಗೆಳೆಯರು ಕೈ ಚಾಚುವಾಗ ಹಿಂದೆ 'ಪೊಲೀಸ್ ಠಾಣೆ' ಇದೆ. ಅಪ್ಪಿಕೊಂಡಾಗ ಬರೀ 'ಣೆ' ಇದೆ. ನಾನು ಸೀಟಿನಲ್ಲಿ ಕುಗ್ಗಿ ಕೂತೆ. ಆದರೆ ಮಾರನೆಯ ದಿನ ಇಂಟರ್ನೆಟ್ಟಿನ ವಿಮರ್ಶಕರೊಬ್ಬರು, ಗೋಡೆಯ ಅಕ್ಷರಗಳು ಮಾಯವಾಗುವುದು ಹಳೆಯ ದ್ವೇಷ ಕರಗುವುದರ ಅದ್ಭುತ ರೂಪಕ ಎಂದು ಬರೆದರು. ನಿಶಾಂತ್ ಒಂದು ಸಂದರ್ಶನದಲ್ಲಿ, ಆ ಐಡಿಯಾ ತನಗೆ ಸ್ಕ್ರಿಪ್ಟ್ ಬರೆಯುವಾಗಲೇ ಹೊಳೆದಿತ್ತು ಎಂದ. ಉಳಿದ ಒಂದು ಅಕ್ಷರಕ್ಕೂ ಏನೋ ಅರ್ಥ ಹೇಳಿದ. ನನಗೆ ತಿಳಿಯಲಿಲ್ಲ.

ನಿರ್ಮಾಣ ನಿರ್ವಹಣೆಯ ಸಾಲಿನಲ್ಲಿ ನನ್ನ ಹೆಸರಿರಲಿಲ್ಲ. ಕೊನೆಗೆ ಕೃತಜ್ಞತೆಗಳ ಪಟ್ಟಿಯಲ್ಲಿ, 'ಹುತ್ರಿದುರ್ಗ ಪೊಲೀಸ್ ಠಾಣೆಯ ಸಿಬ್ಬಂದಿಗೆ ಧನ್ಯವಾದಗಳು' ಎಂದು ಬಂತು. ಅಂಥದ್ದೊಂದು ಠಾಣೆ ಇಲ್ಲ, ಸಿಬ್ಬಂದಿಯೂ ಇಲ್ಲ. ಖಾಲಿ ಥಿಯೇಟರಿನಲ್ಲಿ ನಂಜುಂಡ ಎದ್ದು ನಿಂತು ಒಬ್ಬನೇ ಚಪ್ಪಾಳೆ ಹೊಡೆದ.

ಈ ಕೆಲಸಕ್ಕೆ ಸೇರುತ್ತಿರುವ ಮೂವರಿಗೆ ಹೇಳುವುದಿಷ್ಟೇ: ಪೇಂಟರನ್ನು ಮೊದಲ ವ್ಯಾನಿನಲ್ಲಿ ಕಳಿಸಬೇಡಿ. ಕಳಿಸಿದರೆ, ಅವತ್ತೇ ನೀವು ಏಣಿ ಹತ್ತಿ. ಅವತ್ತು ಆಗದಿದ್ದರೆ ಮಾರನೆಯ ದಿನ ಹೋಗಿ, ಮುಖದ ಬಗ್ಗೆ ಯೋಚನೆ ಮಾಡಬೇಡಿ.

ಅದಾಗಿ ಎರಡು ಯುಗಾದಿ ಕಳೆದವು. ಎರಡು ಸಲವೂ ನಾನು ಬೆಳಗಿನ ಬಸ್ಸಿಗೆ ಬ್ರಷ್ಷು ಹಿಡಿದು ಹುತ್ರಿದುರ್ಗಕ್ಕೆ ಹೋದೆ. ಮನೆಗೆಲ್ಲ ಹೊಸ ಬಣ್ಣ ಹೊಡೆದಿರುತ್ತಾನೆ, ಆ ಒಂದು ಅಕ್ಷರದ ಸುತ್ತ ಅಂಚು ಉಳಿಸಿ. ಹೋಳಿಗೆ ತಿಂದು, ಸಂಜೆಯವರೆಗೆ ಮಾತಾಡಿ, ಕೊನೆಗೆ ಎಲ್ಲಿ ಬಣ್ಣ ಕೊಡು ಎಂದು ಕೇಳುತ್ತೇನೆ. ಪ್ರತಿ ಸಲವೂ ಸರಿಯಾಗಿ ಅವತ್ತೇ ಅವನ ಮನೆಯಲ್ಲಿ ಬಣ್ಣ ಮುಗಿದಿರುತ್ತದೆ.